ತಾಳ್ಯದಿಂದ ಕೋರ್ಟಿನವರೆಗೆ: ಹಳ್ಳಿ ಮಕ್ಕಳ ವಕೀಲಿ ಓದು, ವಕೀಲಿ ಬದುಕು

ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಒಂದು ಹೋಬಳಿ ಕೇಂದ್ರ. ಮೆಕ್ಕೆಜೋಳ, ರಾಗಿ, ಕೊಳವೆಬಾವಿ ನಂಬಿದ ಅಡಿಕೆ ತೋಟ, ಇವೇ ಸುತ್ತಲಿನ ಹಳ್ಳಿಗಳ ಆಸರೆ. ಇಂಥ ಕಡೆ ಕಾನೂನು ಮನೆಯೊಳಗೆ ಬರುವುದು ಹೆಚ್ಚಾಗಿ ಪಹಣಿಯ ಜೊತೆಗೆ. ಅಣ್ಣತಮ್ಮಂದಿರ ಪಾಲು, ಬದುವಿನ ತಕರಾರು, ಆಗದೆ ಉಳಿದ ಪೋಡಿ, ಬಗರ್‌ಹುಕುಂ ಅರ್ಜಿ, ಹೆದ್ದಾರಿಯಲ್ಲಿ ಆದ ಅಪಘಾತ, ಬೌನ್ಸ್ ಆದ ಚೆಕ್ಕು, ಜಾಮೀನು, ಜೀವನಾಂಶ. ಇದರಲ್ಲಿ ಒಂದಾದರೂ ಮುಟ್ಟದ ಮನೆ ಸಿಗುವುದು ಅಪರೂಪ. ಹೀಗಾಗಿ ವಕೀಲರಿಲ್ಲದೆ ಹೋಬಳಿಯ ಬದುಕು ಸಾಗುವುದಿಲ್ಲ.

ಹಾಗಾದರೆ ಆ ವಕೀಲರು ಎಲ್ಲಿಂದ ಬರುತ್ತಾರೆ? ತಾಳ್ಯದಂಥ ಊರಿನ ಹುಡುಗನೋ ಹುಡುಗಿಯೋ ಲಾ ಓದಿ, ಸನ್ನದು ಪಡೆದು, ಕೋರ್ಟಿನಲ್ಲಿ ನೆಲೆ ನಿಲ್ಲುವ ದಾರಿ ಇವತ್ತು ಹೇಗಿದೆ? ಆ ದಾರಿಯನ್ನು ಮೊದಲಿಂದ ಕೊನೆಯವರೆಗೆ ನೋಡುವುದು ಈ ಲೇಖನದ ಉದ್ದೇಶ. ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ. ಲಾ ಪದವಿ ಪಡೆಯುವುದು ಈಗ ಕಷ್ಟವಲ್ಲ. ಆದರೆ ಪದವಿ ಪಡೆದವರನ್ನು ವಕೀಲರನ್ನಾಗಿ ತಯಾರು ಮಾಡುವ ಹೊಣೆಯನ್ನು ನಮ್ಮಲ್ಲಿ ಯಾರೂ ಹೊತ್ತಿಲ್ಲ. ಹಳ್ಳಿಯ ಮಕ್ಕಳು ಎಡವುವುದು ಆ ಜಾಗದಲ್ಲೇ.

ಪುಣೆಗೆ ಹೋಗಿ ಓದಿದ ಕಾಲ

ಚಿತ್ರದುರ್ಗದಲ್ಲಿ ವಕೀಲಿ ಎಂದರೆ ಮೊದಲು ನೆನಪಾಗುವ ಹೆಸರು ಎಸ್. ನಿಜಲಿಂಗಪ್ಪ. 1902ರಲ್ಲಿ ಹಲುವಾಗಲಿನಲ್ಲಿ ಹುಟ್ಟಿದ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು. ಕಾನೂನು ಓದಲು ಪುಣೆಗೆ ಹೋಗಿ, 1926ರಲ್ಲಿ ಪದವಿ ಪಡೆದು ಚಿತ್ರದುರ್ಗದಲ್ಲಿ ವಕೀಲಿ ಶುರು ಮಾಡಿದರು. 1939ರ ತುರುವನೂರು ಸತ್ಯಾಗ್ರಹದ ಮುಂದಾಳು ಅವರೇ. ಮುಂದೆ ಸಂವಿಧಾನ ರಚನಾ ಸಭೆಯ ಸದಸ್ಯರಾದರು, 1956ರಲ್ಲಿ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದರು. ಕೆಂಗಲ್ ಹನುಮಂತಯ್ಯನವರೂ ಕಾನೂನು ಓದಿದ್ದು ಪುಣೆಯಲ್ಲೇ.

ಅಷ್ಟು ದೂರ ಹೋಗಲು ಕಾರಣವಿತ್ತು. ಮೈಸೂರು ಸಂಸ್ಥಾನದಲ್ಲಿ 1884ರಿಂದಲೇ ಚೀಫ್ ಕೋರ್ಟ್ ಇತ್ತು, 1930ರಲ್ಲಿ ಅದು ಹೈಕೋರ್ಟ್ ಆಯಿತು. ಕಾನೂನು ಕಲಿಸುವ ಕಾಲೇಜು ಮಾತ್ರ ಬಹಳ ಕಾಲ ಇರಲಿಲ್ಲ. ಮದರಾಸು, ಮುಂಬಯಿ, ಪುಣೆಗೆ ಹೋಗಿ ಬರುವ ಶಕ್ತಿ ಇದ್ದವರಿಗಷ್ಟೇ ಕರಿಕೋಟು ದಕ್ಕುತ್ತಿತ್ತು. ಕನ್ನಡ ನಾಡಿನಲ್ಲಿ ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರಲ್ಲಿ, ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜು 1948ರಲ್ಲಿ, ಉಡುಪಿಯ ವೈಕುಂಠ ಬಾಳಿಗಾ ಕಾಲೇಜು 1957ರಲ್ಲಿ ಆರಂಭವಾದವು. ಮಂಗಳೂರಿಗೆ ಎಸ್‌ಡಿಎಂ ಕಾನೂನು ಕಾಲೇಜು ಬಂದದ್ದು 1974ರಲ್ಲಿ. ಬೆಳುವಾಯಿಯ ಎಸ್. ಅಬ್ದುಲ್ ನಜೀರ್ ಅಲ್ಲಿ ಓದಿ, ವಕೀಲರಾಗಿ, 2017ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಯಾದರು. ಕಾಲೇಜು ಊರಿಗೆ ಹತ್ತಿರ ಬಂದರೆ ಏನಾಗುತ್ತದೆ ಎಂಬುದಕ್ಕೆ ಅವರ ದಾರಿಯೇ ಸಾಕ್ಷಿ.

1961ರ ವಕೀಲರ ಕಾಯ್ದೆ ಇನ್ನೊಂದು ಗೋಡೆಯನ್ನು ಕೆಡವಿತು. ಅದಕ್ಕೂ ಮೊದಲು ಬ್ಯಾರಿಸ್ಟರ್, ವಕೀಲ, ಪ್ಲೀಡರ್, ಮುಖ್ತಾರ್ ಎಂಬ ಮೇಲುಕೀಳುಗಳಿದ್ದವು. ಇಂಥವರು ಇಂಥ ಕೋರ್ಟಿನಲ್ಲಷ್ಟೇ ವಾದಿಸಬೇಕೆಂಬ ಮಿತಿಯಿತ್ತು. ಹೊಸ ಕಾಯ್ದೆ ಎಲ್ಲರನ್ನೂ ಒಂದೇ ಪಟ್ಟಿಗೆ ತಂದಿತು. ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ಬರೆಸಿದವರು ಹೊಳಲ್ಕೆರೆ ಕೋರ್ಟಿನಲ್ಲೂ ದೆಹಲಿಯ ಸುಪ್ರೀಂ ಕೋರ್ಟಿನಲ್ಲೂ ವಾದಿಸಬಹುದೆಂಬ ತತ್ವ ನೆಲೆಗೊಂಡಿತು.

ಹಳ್ಳಿಗೂ ವಕೀಲರಿಗೂ ನಡುವೆ ಅಪನಂಬಿಕೆ ಇದ್ದ ಕಾಲವನ್ನೂ ಮರೆಯಬಾರದು. ದೇವರಾಜ ಅರಸರ ಕಾಲದ 1974ರ ಭೂಸುಧಾರಣೆಯಲ್ಲಿ, ಭೂನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂಬ ನಿಯಮವಿತ್ತು. ವಕೀಲರು ಬಂದರೆ ಉಳ್ಳವರ ಪರವೇ ಬರುತ್ತಾರೆ, ಗೇಣಿದಾರ ಸೋಲುತ್ತಾನೆ ಎಂಬ ಭಯ ಅದರ ಹಿಂದಿತ್ತು. ಸುಪ್ರೀಂ ಕೋರ್ಟ್ 1987ರಲ್ಲಿ ಆ ನಿಷೇಧವನ್ನು ರದ್ದು ಮಾಡಿತು. ಆದರೆ ಆ ಭಯಕ್ಕೆ ನಿಜವಾದ ಉತ್ತರ, ಗೇಣಿದಾರರ, ಕೂಲಿಯವರ ಮನೆಗಳಿಂದಲೇ ವಕೀಲರು ಬರುವುದು.

ಎರಡು ಬಾಗಿಲು

ಲಾ ಓದಲು ಇವತ್ತು ಎರಡು ಬಾಗಿಲುಗಳಿವೆ. ಪಿಯುಸಿ ಮುಗಿಸಿ ಐದು ವರ್ಷದ ಕೋರ್ಸ್ ಸೇರಬಹುದು. ಇಲ್ಲವೇ ಯಾವುದಾದರೂ ಪದವಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು. ಮೂರು ವರ್ಷದ ಕೋರ್ಸಿಗೆ ಪದವಿಯಲ್ಲಿ ಸಾಮಾನ್ಯ ವರ್ಗದವರು ಶೇ 45, ಹಿಂದುಳಿದ ವರ್ಗದವರು ಶೇ 42, ಪರಿಶಿಷ್ಟ ಜಾತಿ, ಪಂಗಡದವರು ಶೇ 40 ಅಂಕ ಪಡೆದಿರಬೇಕೆಂದು ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮ ಹೇಳುತ್ತದೆ.

ತಾಳ್ಯದ ಕಡೆಯವರಿಗೆ ಹೊಂದುವುದು ಸಾಮಾನ್ಯವಾಗಿ ಎರಡನೆಯ ಬಾಗಿಲು. ಹತ್ತಿರದ ಪ್ರಥಮದರ್ಜೆ ಕಾಲೇಜಿನಲ್ಲಿ ಬಿ.ಎ., ಬಿ.ಕಾಂ. ಮುಗಿಸಿ ಚಿತ್ರದುರ್ಗದ ಸರಸ್ವತಿ ಕಾನೂನು ಕಾಲೇಜನ್ನೋ ದಾವಣಗೆರೆಯ ಆರ್.ಎಲ್. ಕಾನೂನು ಕಾಲೇಜನ್ನೋ ಸೇರುವುದು ರೂಢಿ. ಇಂಥ ಕಾಲೇಜುಗಳು ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ಅದನ್ನು ಸ್ಥಾಪಿಸಿದ್ದು 2009ರ ಕಾಯ್ದೆ. ಅದಕ್ಕೆ ಮೊದಲು ಒಂದೊಂದು ಸಾಮಾನ್ಯ ವಿಶ್ವವಿದ್ಯಾಲಯವೂ ತನ್ನದೇ ಪಠ್ಯ, ತನ್ನದೇ ಪರೀಕ್ಷೆ ನಡೆಸುತ್ತಿತ್ತು. ಈಗ ಪಠ್ಯ ಒಂದೇ ಆಗಿದೆ, ಆ ಮಟ್ಟಿಗೆ ಇದು ಒಳ್ಳೆಯ ಬದಲಾವಣೆ.

ಮೊದಲನೆಯ ಬಾಗಿಲಿನ ತುದಿಯಲ್ಲಿ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಇದೆ. 1986ರಲ್ಲಿ ಕರ್ನಾಟಕದ ವಿಧಾನಮಂಡಲವೇ ಕಾಯ್ದೆ ಮಾಡಿ ಸ್ಥಾಪಿಸಿದ, ಎನ್.ಆರ್. ಮಾಧವ ಮೆನನ್ ಕಟ್ಟಿ ಬೆಳೆಸಿದ, 1988ರಿಂದ ಪಾಠ ಶುರು ಮಾಡಿದ ಸಂಸ್ಥೆ ಇದು. ದೇಶದ ಕಾನೂನು ಶಿಕ್ಷಣದ ದಿಕ್ಕನ್ನೇ ಬದಲಿಸಿದ ಹಿರಿಮೆ ಅದರದು. ಅಲ್ಲಿಗೆ ಹೋಗಲು ಕ್ಲಾಟ್ ಪರೀಕ್ಷೆ ಬರೆಯಬೇಕು. ಪರೀಕ್ಷೆ ಇಂಗ್ಲಿಷಿನಲ್ಲಿ, ತಯಾರಿ ನಗರದ ಕೋಚಿಂಗ್ ಕೇಂದ್ರಗಳಲ್ಲಿ, ಶುಲ್ಕ ವರ್ಷಕ್ಕೆ ಲಕ್ಷಗಳ ಲೆಕ್ಕದಲ್ಲಿ. ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದ ಹಳ್ಳಿಯ ವಿದ್ಯಾರ್ಥಿಗೆ ಈ ಬಾಗಿಲು ಇರುವ ಸುದ್ದಿ ತಲುಪುವ ಹೊತ್ತಿಗೆ ಅರ್ಜಿಯ ಕೊನೆ ದಿನ ದಾಟಿರುತ್ತದೆ. ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25 ಸ್ಥಾನ ಮೀಸಲಿಡಲು ರಾಜ್ಯ 2020ರಲ್ಲಿ ಕಾಯ್ದೆ ತಿದ್ದಿತು, ಹೈಕೋರ್ಟ್ ಅದೇ ವರ್ಷ ಆ ತಿದ್ದುಪಡಿಯನ್ನು ರದ್ದುಗೊಳಿಸಿತು. ಮುಂದೆ ಸಂಸ್ಥೆ ತಾನೇ ಕರ್ನಾಟಕದವರಿಗೆ ಮೀಸಲು ಸ್ಥಾನಗಳನ್ನು ಅಳವಡಿಸಿಕೊಂಡಿತು. ಆದರೆ ಕರ್ನಾಟಕದ ವಿದ್ಯಾರ್ಥಿ ಎಂದರೆ ಬೆಂಗಳೂರಿನ ಖಾಸಗಿ ಶಾಲೆಯ ವಿದ್ಯಾರ್ಥಿಯೂ ಸೇರುತ್ತಾರೆ. ಮೀಸಲಾತಿ ಒಂದರಿಂದಲೇ ಆ ಬಾಗಿಲು ತಾಳ್ಯದವರೆಗೆ ತೆರೆಯುವುದಿಲ್ಲ.

ತರಗತಿಯ ಪಾಠ, ಹೋಬಳಿಯ ಕೇಸು

ತರಗತಿಯಲ್ಲಿ ಸಂವಿಧಾನ, ಕರಾರು, ಅಪರಾಧ, ಸಾಕ್ಷ್ಯ, ಆಸ್ತಿ ಹಸ್ತಾಂತರ, ಕುಟುಂಬ ಕಾನೂನು ಎಲ್ಲವೂ ಇವೆ. ಇವುಗಳ ಜೊತೆ ನಾಲ್ಕು ಪ್ರಾಯೋಗಿಕ ಪತ್ರಿಕೆಗಳನ್ನು 2008ರ ನಿಯಮಗಳು ಕಡ್ಡಾಯ ಮಾಡಿವೆ: ಕರಡು ಬರವಣಿಗೆ, ವೃತ್ತಿನೀತಿ, ರಾಜಿ ಸಂಧಾನದ ವಿಧಾನಗಳು, ಅಣಕು ನ್ಯಾಯಾಲಯ. ಮೂರು ವರ್ಷದವರು ಒಟ್ಟು 12 ವಾರ, ಐದು ವರ್ಷದವರು 20 ವಾರ ಇಂಟರ್ನ್‌ಶಿಪ್ ಮಾಡಬೇಕು. ಕಾಗದದ ಮೇಲೆ ಇದು ಸರಿಯಾಗಿಯೇ ಇದೆ. ಆದರೆ ಅನೇಕ ಕಡೆ ಇಂಟರ್ನ್‌ಶಿಪ್ ಎಂದರೆ ಪರಿಚಯದ ವಕೀಲರಿಂದ ಒಂದು ಪ್ರಮಾಣಪತ್ರ, ಅಣಕು ನ್ಯಾಯಾಲಯವೆಂದರೆ ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕದ ನಕಲು. ವರ್ಷಪೂರ್ತಿ ಕೆಲಸ ಮಾಡುತ್ತ, ಪರೀಕ್ಷೆಗಷ್ಟೇ ಬರುವ ವಿದ್ಯಾರ್ಥಿಗಳ ಸಂಖ್ಯೆಯೂ ಕಡಿಮೆಯಲ್ಲ.

ಹೋಬಳಿಯಿಂದ ಬರುವ ಒಂದು ಪಾಲಿನ ದಾವೆಯನ್ನೇ ತೆಗೆದುಕೊಳ್ಳಿ. ಮದುವೆಯಾಗಿ ಹೋದ ಮಗಳು ತಂದೆಯ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೇಳುತ್ತಾಳೆ. ಕರ್ನಾಟಕ 1994ರಲ್ಲೇ ಕಾನೂನು ತಿದ್ದಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಅದಕ್ಕೂ ಮುಂಚೆ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. 2005ರಲ್ಲಿ ತಂದೆ ಬದುಕಿರಲೇಬೇಕೇ ಎಂಬ ಪ್ರಶ್ನೆಗೆ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಉತ್ತರ ಕೊಟ್ಟಿತು: ಬೇಕಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ. 2004ರ ಡಿಸೆಂಬರ್ 20ಕ್ಕೆ ಮೊದಲು ಕಾನೂನುಬದ್ಧವಾಗಿ ಆಗಿಹೋದ ವಿಭಾಗಕ್ಕೆ ಮಾತ್ರ ಈ ಹಕ್ಕು ತಾಗುವುದಿಲ್ಲ. ಈ ನಾಲ್ಕು ತಾರೀಖುಗಳ ನಡುವೆ ಆ ಮನೆಯ ಕಥೆ ಎಲ್ಲಿ ಬೀಳುತ್ತದೆ ಎಂದು ಕಂಡುಹಿಡಿಯಬೇಕಾದರೆ ಹಳೆಯ ಪಹಣಿ, ಮ್ಯುಟೇಷನ್, ಪಾಲುಪಟ್ಟಿ, ವಂಶವೃಕ್ಷ ಓದಲು ಬರಬೇಕು.

ಪರಿಶಿಷ್ಟರ ಮಂಜೂರಾತಿ ಜಮೀನಿನ ಕೇಸೂ ಹಾಗೆಯೇ. 1978ರ ಪಿಟಿಸಿಎಲ್ ಕಾಯ್ದೆ ಅಂಥ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಮಾರುವುದನ್ನು ತಡೆಯಿತು. ತಡವಾಗಿ ಬಂದ ಅರ್ಜಿ ನಿಲ್ಲದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ರಾಜ್ಯ 2023ರಲ್ಲಿ ಕಾಯ್ದೆ ತಿದ್ದಿ ಕಾಲಮಿತಿಯ ಅಡ್ಡಿಯನ್ನು ತೆಗೆಯಿತು. ಇದರ ಮೇಲೆ 2024ರ ಜುಲೈ 1ರಿಂದ ದಂಡಸಂಹಿತೆ, ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಕಾಯ್ದೆ ಮೂರೂ ಹೊಸ ಹೆಸರು, ಹೊಸ ಸೆಕ್ಷನ್‌ಗಳೊಂದಿಗೆ ಜಾರಿಗೆ ಬಂದಿವೆ. ಕಾಲೇಜಿನಲ್ಲಿ ತತ್ವ ತಿಳಿಯುತ್ತದೆ. ದಾಖಲೆ ಓದುವುದು, ದಾವಾ ಕರಡು ಬರೆಯುವುದು, ಪಾಟೀಸವಾಲಿನಲ್ಲಿ ಯಾವ ಪ್ರಶ್ನೆ ಕೇಳಬಾರದೆಂದು ಅರಿಯುವುದು, ಇವನ್ನು ಸೀನಿಯರ್ ಆಫೀಸಿನಲ್ಲಿ ಮಾತ್ರ ಕಲಿಯಲು ಸಾಧ್ಯ. ಆ ಆಫೀಸಿಗೆ ದಾರಿ ಹೇಗೆ ಎಂಬುದೇ ಮುಂದಿನ ಪ್ರಶ್ನೆ.

ಸನ್ನದು ಮತ್ತು ಅಖಿಲ ಭಾರತ ಪರೀಕ್ಷೆ

ಪದವಿ ಕೈಗೆ ಬಂದ ಮೇಲೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಆಗಬೇಕು. ಕಾಯ್ದೆಯಲ್ಲಿ ಶುಲ್ಕ ಸಾಮಾನ್ಯರಿಗೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ. ಆದರೂ ದೇಶದ ಹಲವು ಪರಿಷತ್ತುಗಳು ಬೇರೆ ಬೇರೆ ತಲೆಬರಹದಲ್ಲಿ ಹತ್ತಾರು ಸಾವಿರ ವಸೂಲು ಮಾಡುತ್ತಿದ್ದವು. 2024ರ ಜುಲೈ 30ರಂದು ಗೌರವ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾಯ್ದೆ ಹೇಳಿದ್ದಕ್ಕಿಂತ ಒಂದು ರೂಪಾಯಿಯನ್ನೂ ಹೆಚ್ಚು ಪಡೆಯುವಂತಿಲ್ಲ ಎಂದಿತು. ಬಡ ಮನೆಯ ಪದವೀಧರರಿಗೆ ಇತ್ತೀಚಿನ ವರ್ಷಗಳಲ್ಲಿ ಸಿಕ್ಕ ದೊಡ್ಡ ಪರಿಹಾರ ಇದು.

ನೋಂದಣಿಯ ನಂತರ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು. ಮೊದಲು 2011ರ ಮಾರ್ಚ್ 6ರಂದು ನಡೆದ ಈ ಪರೀಕ್ಷೆಯನ್ನು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2023ರಲ್ಲಿ ಎತ್ತಿಹಿಡಿಯಿತು. ನೂರು ಬಹುಆಯ್ಕೆ ಪ್ರಶ್ನೆಗಳು, ಕಾಯ್ದೆಯ ಮೂಲಪಠ್ಯ ನೋಡಿಕೊಂಡು ಬರೆಯಬಹುದು, ಕನ್ನಡದಲ್ಲೂ ಬರೆಯಬಹುದು. ನೆನಪಿಡಬೇಕಾದ ಇನ್ನೊಂದು ಮಾತಿದೆ. 1995ರಲ್ಲಿ ವಕೀಲರ ಪರಿಷತ್ತು ಹೊಸಬರಿಗೆ ಒಂದು ವರ್ಷದ ತರಬೇತಿ ಕಡ್ಡಾಯ ಮಾಡಲು ನಿಯಮ ತಂದಿತ್ತು. ಆ ಅಧಿಕಾರ ಪರಿಷತ್ತಿಗಿಲ್ಲವೆಂದು 1999ರಲ್ಲಿ ವಿ. ಸುಧೀರ್ ಪ್ರಕರಣದಲ್ಲಿ ಅದು ರದ್ದಾಯಿತು. ತರಬೇತಿ ಹೋಯಿತು, ಅದರ ಜಾಗಕ್ಕೆ ಪರೀಕ್ಷೆ ಬಂತು. ಪರೀಕ್ಷೆ ನೆನಪನ್ನೂ ತಿಳಿವಳಿಕೆಯನ್ನೂ ಅಳೆಯಬಲ್ಲದು, ಕೆಲಸ ಕಲಿಸಲಾರದು.

ಜೂನಿಯರ್ ವರ್ಷಗಳು

ಈ ಸಮೀಕ್ಷೆಯ ಮುಖ್ಯ ಭಾಗ ಇದು. ಹೊಸ ವಕೀಲರು ಸೀನಿಯರ್ ಆಫೀಸು ಸೇರುತ್ತಾರೆ. ಬೆಳಿಗ್ಗೆ ಕೇಸ್ ಡೈರಿ ನೋಡಿ ಫೈಲು ಜೋಡಿಸಬೇಕು. ಕಕ್ಷಿದಾರರ ಮಾತು ಕೇಳಿ ಬರೆದುಕೊಳ್ಳಬೇಕು, ವಕಾಲತ್ತು ಹಾಕಬೇಕು, ಆರ್ಡರ್ ಶೀಟ್ ನೋಡಿ ವಾಯಿದೆ ಗುರುತು ಮಾಡಿಕೊಳ್ಳಬೇಕು, ನಕಲಿಗೆ ಅರ್ಜಿ ಕೊಡಬೇಕು, ಇ-ಫೈಲಿಂಗ್ ಮಾಡಬೇಕು. ಸಂಜೆ ಮತ್ತೆ ಆಫೀಸು. ಹೀಗೆ ಮೂರರಿಂದ ಐದು ವರ್ಷ ಪಳಗಿದ ಮೇಲೆ ಸ್ವಂತ ಕೇಸು ಹಿಡಿಯುವ ಧೈರ್ಯ ಬರುತ್ತದೆ. ಈ ಗುರುಶಿಷ್ಯ ಪದ್ಧತಿಯಲ್ಲಿ ದೊಡ್ಡ ಗುಣವಿದೆ. ಎಷ್ಟೋ ಸೀನಿಯರ್‌ಗಳು ಹಳ್ಳಿಯಿಂದ ಬಂದ ಹುಡುಗರನ್ನು ಮಕ್ಕಳಂತೆ ತಿದ್ದಿ ನಿಲ್ಲಿಸಿದ್ದಾರೆ, ಅವರ ಋಣ ಈ ವೃತ್ತಿಯ ಮೇಲಿದೆ.

ಹಣದ ವಿಷಯಕ್ಕೆ ಬಂದರೆ ಚಿತ್ರ ಬದಲಾಗುತ್ತದೆ. ಜೂನಿಯರ್‌ಗೆ ಇಂತಿಷ್ಟು ಕೊಡಬೇಕೆಂಬ ಕಟ್ಟುಪಾಡು ಇಲ್ಲ. ಬಸ್ ಚಾರ್ಜು, ಹಬ್ಬಕ್ಕೆ ಒಂದಿಷ್ಟು, ಕೆಲವರು ತಿಂಗಳಿಗೆ ಅಲ್ಪ ಮೊತ್ತ, ಹಲವರು ಏನೂ ಇಲ್ಲ. ಅದೇ ಹೊತ್ತಿಗೆ ವಕೀಲರ ಪರಿಷತ್ತಿನ ನಿಯಮದ ಪ್ರಕಾರ, ವೃತ್ತಿಯಲ್ಲಿರುವವರು ಪೂರ್ಣಾವಧಿ ಸಂಬಳದ ಕೆಲಸ ಮಾಡುವಂತಿಲ್ಲ, ಸ್ವಂತ ವ್ಯಾಪಾರ ನಡೆಸುವಂತಿಲ್ಲ, ಜಾಹೀರಾತು ಕೊಡುವಂತಿಲ್ಲ. ವೃತ್ತಿಯ ಘನತೆಗಾಗಿ ಮಾಡಿದ ನಿಯಮಗಳಿವು, ಅವುಗಳ ಉದ್ದೇಶವನ್ನು ನಾನು ಒಪ್ಪುತ್ತೇನೆ. ಆದರೆ ಬೇರೆ ಕಡೆ ದುಡಿಯಬೇಡ ಎನ್ನುವವರು ಇಲ್ಲಿ ಹೊಟ್ಟೆಗೆ ದಾರಿ ತೋರಿಸಬೇಕಲ್ಲವೇ? ಚಿತ್ರದುರ್ಗದಲ್ಲಿ ರೂಮಿನ ಬಾಡಿಗೆ, ಊಟ, ಓಡಾಟ, ಪುಸ್ತಕ, ಕರಿಕೋಟು ಎಲ್ಲಕ್ಕೂ ಊರಿನಿಂದಲೇ ದುಡ್ಡು ಬರಬೇಕು. ಮಳೆ ಕೈಕೊಟ್ಟ ವರ್ಷ ಅದೂ ನಿಲ್ಲುತ್ತದೆ.

ಇದರ ಪರಿಣಾಮ ಸ್ಪಷ್ಟ. ತಂದೆಯೋ ಮಾವನೋ ವಕೀಲರಾಗಿದ್ದರೆ, ಅಥವಾ ನೀರಾವರಿ ತೋಟವಿದ್ದರೆ ಜೂನಿಯರ್ ವರ್ಷಗಳನ್ನು ದಾಟಬಹುದು. ಮೊದಲ ತಲೆಮಾರಿನ ವಕೀಲರು ಎರಡು ವರ್ಷ ನೋಡಿ ಎಫ್‌ಡಿಎ ಪರೀಕ್ಷೆಗೋ, ಬ್ಯಾಂಕಿಗೋ, ಬೆಂಗಳೂರಿನ ಯಾವುದೋ ಕಂಪನಿಗೋ ಹೋಗುತ್ತಾರೆ. ಅವರ ಹೆಸರು ವಕೀಲರ ಪಟ್ಟಿಯಲ್ಲಿ ಉಳಿಯುತ್ತದೆ, ಕೋರ್ಟಿನಲ್ಲಿ ಅವರು ಉಳಿಯುವುದಿಲ್ಲ.

ಪರಿಹಾರದ ಪ್ರಯತ್ನಗಳು ನಡೆದಿವೆ. ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ ಕನಿಷ್ಠ 20,000 ರೂಪಾಯಿ, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಬೇಕೆಂದು ಸುತ್ತೋಲೆ ಹೊರಡಿಸಿತು. ಅದು ಶಿಫಾರಸು ಮಾತ್ರ, ಕಡ್ಡಾಯವಲ್ಲ. ತಾಲ್ಲೂಕು ಕೋರ್ಟಿನ ಸಾಮಾನ್ಯ ಸೀನಿಯರ್‌ಗೆ ಅಷ್ಟು ಕೊಡುವ ಆದಾಯವೂ ಇರುವುದಿಲ್ಲ. ನಮ್ಮ ಗಡಿಯಾಚೆಯ ಆಂಧ್ರಪ್ರದೇಶ 2019ರಲ್ಲಿ ಲಾ ನೇಸ್ತಂ ಯೋಜನೆಯಡಿ ಹೊಸ ವಕೀಲರಿಗೆ ಮೊದಲ ಮೂರು ವರ್ಷ ತಿಂಗಳಿಗೆ 5,000 ರೂಪಾಯಿ ಕೊಡಲು ಆರಂಭಿಸಿತು. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ಕಾನೂನು ಪದವೀಧರರಿಗೆ ಇಲಾಖೆಗಳ ಮೂಲಕ ತರಬೇತಿ ಭತ್ಯೆ ಇದೆ. ಹೊಳಲ್ಕೆರೆ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ. ಇಲ್ಲಿ ಈ ಭತ್ಯೆಗೆ ಇರುವ ಬೆಲೆ ದೊಡ್ಡದು. ಅದು ಸಮಯಕ್ಕೆ ಸರಿಯಾಗಿ, ಬದುಕಲು ಸಾಲುವಷ್ಟು ಬಂದರೆ ಮಾತ್ರ ಅದರ ಗುರಿ ಈಡೇರುತ್ತದೆ.

ಮುಂದಿನ ದಾರಿಗಳು

ಜೂನಿಯರ್ ವರ್ಷಗಳನ್ನು ದಾಟಿದವರ ಮುಂದೆ ಹಲವು ದಾರಿಗಳಿವೆ. ತಾಲ್ಲೂಕು, ಜಿಲ್ಲಾ ಕೋರ್ಟಿನಲ್ಲಿ ಸ್ವತಂತ್ರ ವಕೀಲಿ ಮೊದಲನೆಯದು. ಹತ್ತು ವರ್ಷ ಪೂರೈಸಿದವರು, ಪರಿಶಿಷ್ಟರು, ಹಿಂದುಳಿದವರು ಮತ್ತು ಮಹಿಳೆಯರಾದರೆ ಏಳು ವರ್ಷ ಪೂರೈಸಿದವರು, ನೋಟರಿಗೆ ಅರ್ಜಿ ಹಾಕಬಹುದು. ಸರ್ಕಾರಿ ಅಭಿಯೋಜಕರ ಹುದ್ದೆಗಳಿವೆ. ಬಡ ಆರೋಪಿಗಳ ಪರ ವಾದಿಸಲು 2022ರಿಂದ ಕಾನೂನು ಸೇವಾ ಪ್ರಾಧಿಕಾರಗಳು ಗೌರವಧನ ಕೊಟ್ಟು ಪೂರ್ಣಾವಧಿ ವಕೀಲರನ್ನು ನೇಮಿಸುತ್ತಿವೆ. ಜಿಲ್ಲೆಯ ಯುವ ವಕೀಲರಿಗೆ ಇದು ಗೌರವದ ಹೊಸ ದಾರಿ.

ಸಿವಿಲ್ ನ್ಯಾಯಾಧೀಶರ ಹುದ್ದೆ ಹಳ್ಳಿಯ ಮಕ್ಕಳ ದೊಡ್ಡ ಕನಸು. ಅಲ್ಲಿ ಪರೀಕ್ಷೆಯೇ ಮಾನದಂಡ, ವಂಶದ ಬಲ ಬೇಕಿಲ್ಲ. 2025ರ ಮೇ 20ರಂದು ಸುಪ್ರೀಂ ಕೋರ್ಟ್ ಈ ಹುದ್ದೆಗೆ ಕನಿಷ್ಠ ಮೂರು ವರ್ಷದ ವಕೀಲಿ ಅನುಭವವನ್ನು ಮತ್ತೆ ಕಡ್ಡಾಯ ಮಾಡಿತು. ಕೋರ್ಟನ್ನೇ ಕಾಣದವರು ನ್ಯಾಯಪೀಠದಲ್ಲಿ ಕೂರಬಾರದು ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಆದಾಯವಿಲ್ಲದ ಮೂರು ವರ್ಷಗಳು ಈಗ ನ್ಯಾಯಾಧೀಶರಾಗುವ ದಾರಿಯಲ್ಲೂ ಅಡ್ಡ ನಿಂತಿವೆ. ಜೂನಿಯರ್‌ಗಳ ಭತ್ಯೆಯ ಪ್ರಶ್ನೆ ಹಿಂದೆಂದಿಗಿಂತ ತುರ್ತಾಗಿರುವುದು ಇದರಿಂದಲೇ.

ಹೆಣ್ಣುಮಕ್ಕಳ ದಾರಿ ಇನ್ನೂ ಬಿಗಿ. ದೇಶದಲ್ಲಿ ಮಹಿಳೆಯರು ವಕೀಲರಾಗಬಹುದೆಂದು ಕಾನೂನು ಹೇಳಿದ್ದು 1923ರಲ್ಲಿ. ಕರ್ನಾಟಕ ಹೈಕೋರ್ಟಿಗೆ ಮೊದಲ ಮಹಿಳಾ ನ್ಯಾಯಮೂರ್ತಿ ಬರಲು 2000ದವರೆಗೆ ಕಾಯಬೇಕಾಯಿತು. ಆ ಮಂಜುಳಾ ಚೆಲ್ಲೂರ್ 1978ರಲ್ಲಿ ವಕೀಲಿ ಆರಂಭಿಸಿದ್ದು ಬಳ್ಳಾರಿಯಲ್ಲಿ. ಮುಂದೆ ಅವರು ಕೇರಳ, ಕಲ್ಕತ್ತ, ಬಾಂಬೆ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾದರು. ನಮ್ಮ ಪಕ್ಕದ ಜಿಲ್ಲೆಯ ಕೋರ್ಟಿನಿಂದ ಅಷ್ಟು ದೂರ ಹೋಗಲು ಸಾಧ್ಯವಾಯಿತು ಎಂಬುದನ್ನು ಪ್ರತಿ ಹೋಬಳಿಯ ಹೆಣ್ಣುಮಕ್ಕಳಿಗೆ ಹೇಳಬೇಕು. ಸಂಜೆ ಆಫೀಸು ಮುಗಿದ ಮೇಲೆ ಊರಿಗೆ ಬಸ್ಸು, ವಕೀಲರ ಸಂಘದಲ್ಲಿ ಕೂರಲು ಜಾಗ, ಶುಚಿಯಾದ ಶೌಚಾಲಯ, ಇವಿಲ್ಲದೆ ಅಂಥ ದಾರಿ ಮತ್ತೆ ತೆರೆಯುವುದು ಕಷ್ಟ.

ಯಾವ ಭಾಷೆಯಲ್ಲಿ ನ್ಯಾಯ?

ತಾಲ್ಲೂಕು ಕೋರ್ಟಿನಲ್ಲಿ ಸಾಕ್ಷಿ ನುಡಿಯುವುದು ಕನ್ನಡದಲ್ಲಿ, ದಾಖಲೆಗಳು ಇರುವುದು ಕನ್ನಡದಲ್ಲಿ. ಕೆಳಹಂತದ ನ್ಯಾಯಾಲಯಗಳ ಭಾಷೆಯೂ ಕನ್ನಡ. ಮೇಲ್ಮನವಿ ಬೆಂಗಳೂರಿಗೆ ಹೋದೊಡನೆ, ಸಂವಿಧಾನದ 348ನೇ ವಿಧಿಯಂತೆ, ಎಲ್ಲವೂ ಇಂಗ್ಲಿಷಿಗೆ ತಿರುಗಬೇಕು. ಹೀಗಾಗಿ ಕಾಲೇಜು ಇಂಗ್ಲಿಷಿನ ಕಡೆ ವಾಲುತ್ತದೆ. ಕನ್ನಡದಲ್ಲಿ ಉತ್ತರ ಬರೆಯಲು ಅವಕಾಶವಿದ್ದರೂ ಕನ್ನಡದ ಒಳ್ಳೆಯ ಕಾನೂನು ಪುಸ್ತಕಗಳು ಬೆರಳೆಣಿಕೆಯಷ್ಟು. ವಿದ್ಯಾರ್ಥಿ ಕೊನೆಗೆ ಹಿಡಿಯುವುದು ಗೈಡನ್ನೇ.

ಭರವಸೆಯ ಸುದ್ದಿಯೂ ಇದೆ. ಕನ್ನಡದಲ್ಲಿ ತೀರ್ಪು ಬರೆಯುವ ನ್ಯಾಯಾಧೀಶರನ್ನು ಕನ್ನಡ ಅಭಿವೃದ್ಧಿ ಪ್ರಾಧಿಕಾರ ಗೌರವಿಸುತ್ತ ಬಂದಿದೆ. 2024ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರಿದ್ದ ಹೈಕೋರ್ಟ್ ವಿಭಾಗೀಯ ಪೀಠ ಕನ್ನಡದಲ್ಲಿ ತೀರ್ಪು ಪ್ರಕಟಿಸಿತು. ಸುಪ್ರೀಂ ಕೋರ್ಟಿನ ತೀರ್ಪುಗಳು ಅನುವಾದವಾಗಿ ಕನ್ನಡದಲ್ಲೂ ಸಿಗುತ್ತಿವೆ. ಎರಡೂ ಭಾಷೆಯಲ್ಲಿ ಗಟ್ಟಿಯಾದವರಿಗೆ ಕೋರ್ಟಿನಲ್ಲಿ ಬೇಡಿಕೆ ಇದ್ದೇ ಇದೆ. ನ್ಯಾಯಾಧೀಶರ ಪರೀಕ್ಷೆಯಲ್ಲೂ ಅನುವಾದದ ಪತ್ರಿಕೆ ಇದೆ. ಹಳ್ಳಿಯ ವಿದ್ಯಾರ್ಥಿಯ ಕನ್ನಡ ಇಲ್ಲಿ ಬಂಡವಾಳವಾಗಬಲ್ಲದು.

ಕೆನಡಾದ ಅನುಭವ

ಈ ಪ್ರಶ್ನೆಗಳನ್ನು ಬೇರೆಯವರು ಹೇಗೆ ಎದುರಿಸಿದ್ದಾರೆ ಎಂದು ನೋಡಲು ಕೆನಡಾ ಉಪಯುಕ್ತ. ನಮ್ಮಂತೆ ಅದಕ್ಕೂ ಬ್ರಿಟಿಷ್ ಕಾನೂನಿನ ಹಿನ್ನೆಲೆಯಿದೆ, ಒಂದಕ್ಕಿಂತ ಹೆಚ್ಚು ಭಾಷೆಗಳಿವೆ, ದೊಡ್ಡ ನಗರಗಳಿಂದ ದೂರದ ಊರುಗಳಿವೆ. ಕ್ವಿಬೆಕ್ ಬಿಟ್ಟು ಉಳಿದೆಡೆ ಸಾಮಾನ್ಯವಾಗಿ ಬೇರೊಂದು ಪದವಿಯ ನಂತರ ಮೂರು ವರ್ಷ ಕಾನೂನು ಓದಬೇಕು. ಬಳಿಕ ಪ್ರಾಂತ್ಯದ ಲಾ ಸೊಸೈಟಿಯ ಪರೀಕ್ಷೆ. ಅದರೊಂದಿಗೆ ಅನುಭವಿ ವಕೀಲರೊಬ್ಬರ ಹೊಣೆಯಲ್ಲಿ ಸುಮಾರು ಎಂಟರಿಂದ ಹನ್ನೆರಡು ತಿಂಗಳ ಆರ್ಟಿಕ್ಲಿಂಗ್ ತರಬೇತಿ. ಏನು ಕಲಿಸಬೇಕು, ಯಾರು ಹೊಣೆ ಎಂಬುದು ಅಲ್ಲಿ ಬರಹದಲ್ಲಿ ಇರುತ್ತದೆ. ಸಾಮಾನ್ಯವಾಗಿ ಸಂಬಳವೂ ಇರುತ್ತದೆ. ಸಂಬಳವಿಲ್ಲದ, ಸ್ಥಾನವೇ ಸಿಗದ ದೂರುಗಳು ಅಲ್ಲೂ ಇವೆ. ಅದಕ್ಕಾಗಿ ಒಂಟಾರಿಯೊ 2014ರಲ್ಲಿ ತರಗತಿ ಮತ್ತು ಕಚೇರಿ ಕೆಲಸ ಸೇರಿದ ಪರ್ಯಾಯ ಕಾರ್ಯಕ್ರಮವನ್ನೂ ತೆರೆಯಿತು.

ನಮಗೆ ಹೆಚ್ಚು ಹತ್ತಿರದ ಪಾಠ ಥಂಡರ್ ಬೇ ಎಂಬ ಊರಿನದು. ಒಂಟಾರಿಯೊದ ಉತ್ತರ ಭಾಗಕ್ಕೆ ವಕೀಲರು ಸಿಗುತ್ತಿಲ್ಲ ಎಂಬ ಕೊರಗಿನಿಂದ ಲೇಕ್‌ಹೆಡ್ ವಿಶ್ವವಿದ್ಯಾಲಯ 2013ರಲ್ಲಿ ಕಾನೂನು ವಿಭಾಗ ತೆರೆಯಿತು. ಸಣ್ಣ ಊರಿನ ವಕೀಲಿಯೇ ಅದರ ಗುರಿ. ವೃತ್ತಿ ತರಬೇತಿಯನ್ನು ಮೂರು ವರ್ಷದ ಓದಿನೊಳಗೇ ಹೆಣೆದಿರುವುದರಿಂದ ಅಲ್ಲಿಂದ ಹೊರಬಂದವರು ಬೇರೆಯಾಗಿ ಆರ್ಟಿಕ್ಲಿಂಗ್ ಮಾಡಬೇಕಿಲ್ಲ. ಭಾಷೆಯ ಪಾಠ ಮಾಂಕ್ಟನ್‌ನದು. ಅಲ್ಲಿನ ವಿಶ್ವವಿದ್ಯಾಲಯ 1978ರಿಂದ ಬ್ರಿಟಿಷ್ ಮೂಲದ ಕಾನೂನನ್ನು ಫ್ರೆಂಚಿನಲ್ಲಿ ಕಲಿಸುತ್ತಿದೆ. ಅದಕ್ಕೆ ಬೇಕಾದ ಪುಸ್ತಕ, ಪದಕೋಶಗಳೂ ಬೆಳೆದವು. ಇಂಗ್ಲಿಷ್ ಅಥವಾ ಫ್ರೆಂಚಿನಲ್ಲಿ ವಿಚಾರಣೆ ಕೇಳುವ ಹಕ್ಕು ಆರೋಪಿಗೆ ಅಲ್ಲಿನ ಅಪರಾಧ ಸಂಹಿತೆಯಲ್ಲೇ ಇದೆ.

ನಮ್ಮವರು ಅಲ್ಲಿಗೆ ಹೋಗಿ ವಕೀಲರಾಗುವುದೂ ಉಂಟು. ಭಾರತದ ಪದವಿಯನ್ನು ಅಲ್ಲಿನ ರಾಷ್ಟ್ರೀಯ ಮಾನ್ಯತಾ ಸಮಿತಿ ಪರಿಶೀಲಿಸಿ, ಕೆನಡಾದ ಸಂವಿಧಾನ, ಆಡಳಿತ ಕಾನೂನು, ಅಪರಾಧ ಕಾನೂನು, ಕಾನೂನಿನ ಬುನಾದಿ, ವೃತ್ತಿ ಹೊಣೆ, ಈ ವಿಷಯಗಳಲ್ಲಿ ಪರೀಕ್ಷೆ ಬರೆಸುತ್ತದೆ. ಆಮೇಲೂ ಪ್ರಾಂತ್ಯದ ಪರೀಕ್ಷೆ, ತರಬೇತಿ ತಪ್ಪುವುದಿಲ್ಲ. ಎಷ್ಟು ಅನುಭವಿಯಾಗಿದ್ದರೂ ಹೊಸ ನೆಲದಲ್ಲಿ ಕೆಲಸ ಕಲಿತೇ ಕರಿಕೋಟು ತೊಡಬೇಕೆಂಬ ನಿಯಮದ ಹಿಂದೆ, ಕಕ್ಷಿದಾರರ ಮೇಲಿನ ಕಾಳಜಿಯಿದೆ.

ಏನು ಮಾಡಬೇಕು

ಈ ದಾರಿಯನ್ನೆಲ್ಲ ನೋಡಿದ ಮೇಲೆ ನನಗೆ ತೋರುವ ಕೆಲಸಗಳು ನಾಲ್ಕು. ರಾಜ್ಯ ಸರ್ಕಾರ ಮೊದಲ ತಲೆಮಾರಿನ ಎಲ್ಲ ಜೂನಿಯರ್‌ಗಳಿಗೆ ಮೂರು ವರ್ಷ ಬದುಕಲು ಸಾಲುವ ಭತ್ಯೆಯನ್ನು ತಿಂಗಳು ತಿಂಗಳು ಕೊಡಬೇಕು, ತಾಲ್ಲೂಕು ಕೋರ್ಟುಗಳಲ್ಲಿ ಕೆಲಸ ಮಾಡುವವರಿಗೆ ಆದ್ಯತೆ ಇರಬೇಕು. ಕಾನೂನು ವಿಶ್ವವಿದ್ಯಾಲಯ ಇಂಟರ್ನ್‌ಶಿಪ್ಪಿನ ವಾರಗಳನ್ನು ತಾಲ್ಲೂಕು ಕೋರ್ಟು, ತಾಲ್ಲೂಕು ಕಚೇರಿ, ಕಾನೂನು ಸೇವಾ ಸಮಿತಿಗಳಲ್ಲಿ ನಿಜವಾಗಿ ನಡೆಸಬೇಕು. ಪಹಣಿ, ಮ್ಯುಟೇಷನ್, ಟಿಪ್ಪಣಿ ಓದುವುದನ್ನು ಪಾಠವಾಗಿ ಕಲಿಸಬೇಕು, ಕನ್ನಡದಲ್ಲಿ ಕಾನೂನು ಪುಸ್ತಕಗಳನ್ನು ಬರೆಸಬೇಕು. ವಕೀಲರ ಸಂಘಗಳು ಹೊಸಬರ ಪಟ್ಟಿ ಇಟ್ಟು, ಸೀನಿಯರ್ ಸಿಗದವರಿಗೆ ಸೀನಿಯರ್ ಒದಗಿಸಬೇಕು. ನಾಲ್ಕನೆಯದು ಪ್ರೌಢಶಾಲೆ, ಪಿಯು ಕಾಲೇಜುಗಳ ಶಿಕ್ಷಕರ ಕೆಲಸ: ಕ್ಲಾಟ್ ಎಂದರೇನು, ಐದು ವರ್ಷದ ಕೋರ್ಸ್ ಎಂದರೇನು ಎಂಬುದನ್ನು ಮಕ್ಕಳಿಗೆ ಅರ್ಜಿಯ ಕಾಲಕ್ಕೆ ಮೊದಲೇ ತಿಳಿಸುವುದು.

ಸೀನಿಯರ್ ವಕೀಲರಲ್ಲಿ ನನ್ನದೊಂದು ಮನವಿ. ನಿಮ್ಮ ಆಫೀಸಿಗೆ ಬರುವ ಮೊದಲ ತಲೆಮಾರಿನ ಹುಡುಗ ಹುಡುಗಿಗೆ ತಿಂಗಳ ಮೊದಲ ದಿನ ನಿಶ್ಚಿತವಾದ ಒಂದು ಮೊತ್ತ ಕೊಡಿ, ಅದು ಚಿಕ್ಕದಾದರೂ ಸರಿ. ವಾರಕ್ಕೊಂದು ಕೇಸಿನ ಕರಡನ್ನು ಅವರಿಂದಲೇ ಬರೆಸಿ ತಿದ್ದಿ. ತಾಳ್ಯದಂಥ ಹೋಬಳಿಗಳ ತಂದೆತಾಯಿಗಳಲ್ಲಿ ಇನ್ನೊಂದು ಮಾತು. ಲಾ ಓದಿದ ಮಗನೋ ಮಗಳೋ ಎರಡು ವರ್ಷದಲ್ಲಿ ದುಡಿಯಲಿಲ್ಲವೆಂದು ಕೈಬಿಡಬೇಡಿ. ಈ ವೃತ್ತಿ ಕೈಹಿಡಿಯಲು ಸಮಯ ಬೇಕು. ನಿಮ್ಮ ಊರಿನ ಪಾಲಿನ ದಾವೆ, ಬದುವಿನ ತಕರಾರು, ಮಂಜೂರಾತಿ ಜಮೀನಿನ ಕೇಸುಗಳನ್ನು ನಿಮ್ಮ ಬದುಕು ಬಲ್ಲ ವಕೀಲರು ನಡೆಸಬೇಕೆಂದಿದ್ದರೆ, ಆ ವಕೀಲರನ್ನು ಆ ಮೊದಲ ಐದು ವರ್ಷ ಕೋರ್ಟಿನಲ್ಲಿ ಉಳಿಸಿಕೊಳ್ಳುವ ಹೊಣೆ ಸರ್ಕಾರದ್ದು, ವೃತ್ತಿಯದ್ದು, ನಮ್ಮೆಲ್ಲರದ್ದು.